ಭಾವನ ಕನ್ನಡಕವೂ ನನ್ನ ಹೊಲಿಗೆ ಯಂತ್ರವೂ

ಮಂಗಳವಾರ, ಮಧ್ಯಾಹ್ನ ಮೂರೂಕಾಲು

ಪ್ರೀತಿಯ ಪುಟ್ಟಿಗೆ,

ನಿನ್ನಕ್ಕ ಇನ್ನೂ ಬದುಕಿದ್ದಾಳೆ, ಭಾವನ ಮೊಣಕಾಲೂ ಹೆಚ್ಚುಕಡಿಮೆ ಹಾಗೇ ಇದೆ. ಕುಶಲ ಸಮಾಚಾರ ಇಷ್ಟೇ. ಉಳಿದದ್ದೆಲ್ಲ ಬೈಗುಳ, ಕುರ್ಚಿ ಎಳೆದುಕೊಂಡು ಓದು.

ನಿವೃತ್ತಿಯ ಉಡುಗೊರೆ ಅಂತ ಫೋನಿನ ಸಿನಿಮಾವನ್ನು ಕಣ್ಣೆದುರೇ ದೊಡ್ಡದಾಗಿ ತೋರಿಸುವ ಆ ವಿಡಿಯೋ ಕನ್ನಡಕ ಕಳಿಸುವ ಬುದ್ಧಿ ನಿನಗೆ ಯಾರು ಕೊಟ್ಟರೇ? ಮೂವತ್ತೊಂದು ವರ್ಷ ಚಿತ್ರಮಂದಿರದ ಮೇಲಿನ ಕೋಣೆಯಲ್ಲಿ ಪ್ರೊಜೆಕ್ಟರ್ ಓಡಿಸಿದ ಮನುಷ್ಯನಿಗೆ, ಮೂಗಿನ ಮೇಲೇ ಒಂದು ಚಿತ್ರಮಂದಿರ ಕೂರಿಸಿಬಿಟ್ಟೆಯಲ್ಲ!

ಜೋಡಿಸುವುದಕ್ಕೇ ಎರಡು ದಿನ ಹಿಡಿಯಿತು. ವೈರನ್ನು ಫೋನಿಗೆ ಚುಚ್ಚಿದರೆ ಮುಗಿಯಿತು ಎಂದಿದ್ದೆ ನೀನು. ಮುಗಿಯುವುದುಂಟೆ? ಮೂಗಿಗೆ ಆನಿಸುವ ರಬ್ಬರು ಮೂರು ಅಳತೆಯವು. ನಿನ್ನ ಭಾವ ಮೂರನ್ನೂ ಹಾಕಿ, ತೆಗೆದು, ಆಮೇಲೆ ಮೊದಲನೆಯದೇ ಸರಿ ಎಂದರು. ಒಂದೊಂದು ಕಣ್ಣಿಗೂ ಒಂದೊಂದು ತಿರುಗಣೆ ಇದೆ, ತಿರುಗಿಸಿ ಚಿತ್ರ ಸ್ಪಷ್ಟ ಮಾಡಿಕೊಳ್ಳಬೇಕು. ಎಡಮೂಲೆ ಕೂದಲೆಳೆಯಷ್ಟು ಮಸುಕಾಗಿದೆ ಅಂತ ಒಂದು ಮಧ್ಯಾಹ್ನವಿಡೀ ತಿರುಗಿಸಿದರು. "ಸಾಕು ಬಿಡ್ರೀ, ಚಿತ್ರ ಮಸುಕಾಯ್ತು ಅಂತ ಇಲ್ಲಿ ಶಿಳ್ಳೆ ಹೊಡೆಯೋರು ಯಾರಿದ್ದಾರೆ" ಅಂದೆ. "ನೀನಿದ್ದೀಯಲ್ಲ" ಅಂದರು.

ಜೊತೆಗೆ ಬಂದ ಪುಸ್ತಿಕೆಯನ್ನು ಗಟ್ಟಿಯಾಗಿ ಓದಿ ಹೇಳಿದೆ: ಕೂತೇ ನೋಡಬೇಕು, ಹಾಕಿಕೊಂಡು ನಡೆಯಬಾರದು, ತಲೆ ಸುತ್ತಿದರೆ ಕೂಡಲೇ ತೆಗೆಯಬೇಕು, ಆಗಾಗ ಕಣ್ಣಿಗೆ ಬಿಡುವು ಕೊಡಬೇಕು. ಎಲ್ಲದಕ್ಕೂ ತಲೆಯಾಡಿಸಿದರು. ಆ ತಲೆಯನ್ನು ನಂಬಿ ಕೆಟ್ಟೆ. ಕಾಲನ್ನು ಕೇಳಬೇಕಿತ್ತು.

ಯಾಕೆ ಗೊತ್ತೆ? ಹಿಂದೆಲ್ಲ ಇಪ್ಪತ್ತು ನಿಮಿಷಕ್ಕೆ ಒಂದು ರೀಲು ಮುಗಿಯುತ್ತಿತ್ತಂತೆ. ಅಷ್ಟರಲ್ಲಿ ಎದ್ದು, ಬಲಕ್ಕೆ ಎರಡು ಹೆಜ್ಜೆ ಇಟ್ಟು, ಮುಂದಿನ ರೀಲು ಹಾಕಿಟ್ಟ ಎರಡನೇ ಪ್ರೊಜೆಕ್ಟರ್ ಯಂತ್ರ ಚಾಲೂ ಮಾಡಬೇಕು. ಈಗ ರೀಲೂ ಇಲ್ಲ, ಆ ಯಂತ್ರವೂ ಇಲ್ಲ. ಕಾಲಿಗೆ ಅದು ಗೊತ್ತಿಲ್ಲ. ಸರಿಯಾಗಿ ಇಪ್ಪತ್ತನೇ ನಿಮಿಷಕ್ಕೆ, ಕನ್ನಡಕ ಸಮೇತ, ನಿನ್ನ ಭಾವ ಎದ್ದು ಬಲಕ್ಕೆ ಹೊರಡುತ್ತಾರೆ. ಅಲ್ಲಿರುವುದು ನನ್ನ ಹೊಲಿಗೆ ಯಂತ್ರ. ಮೊದಲ ದಿನ ಮೊಣಕಾಲಿಗೆ ಪೆಟ್ಟು. ಎರಡನೇ ದಿನ ವೈರು ಸಿಕ್ಕಿಕೊಂಡು ಫೋನು ಹಾರಿತು. ಮೂರನೇ ದಿನ ಅದರ ಪಕ್ಕ ಕಾದ ಇಸ್ತ್ರಿಪೆಟ್ಟಿಗೆ ಇತ್ತು. ಕೂಗಿಕೊಂಡೆ. "ಶ್! ಪಿಕ್ಚರ್ ನಡೀತಿದೆ ಕಣೇ" ಅಂತ ನನ್ನನ್ನೇ ಗದರಿ, ಕೈಯಿಟ್ಟೇಬಿಟ್ಟರು. ಎರಡು ಬೆರಳಿಗೆ ಬೊಬ್ಬೆ. ಅಂಗೈ ಪೂರ್ತಿ ಊರಿದ್ದರೆ ಏನು ಗತಿ!

"ಆ ಹೊಲಿಗೆ ಯಂತ್ರ ಆಚೆ ಸರಿಸು" ಅಂತಾರೆ. ನಾನು ಸರಿಸುವವಳಲ್ಲ. ಹದಿನೈದು ವರ್ಷದಿಂದ ಅದು ಅಲ್ಲೇ, ಕಿಟಕಿಯ ಬೆಳಕಲ್ಲಿದೆ.

ಹೀಗಾಗಿ ನನಗೊಂದು ಹೊಸ ಉದ್ಯೋಗ: ಪಕ್ಕದಲ್ಲಿ ಕೂತು, ಹತ್ತೊಂಬತ್ತನೇ ನಿಮಿಷಕ್ಕೆ ಅವರ ಅಂಗಿಯ ತುದಿ ಹಿಡಿಯುವುದು. ಕತ್ತರಿಸಿಟ್ಟ ಶಾಲೆಯ ಸಮವಸ್ತ್ರಗಳು ಹಾಗೇ ಬಿದ್ದಿವೆ. ಅವರು ನಗುತ್ತಾರೆ, ನಾನು ಗೋಡೆ ನೋಡುತ್ತೇನೆ. "ಏನಾಯ್ತ್ರೀ?" ಅಂದರೆ "ತಡಿ, ಹೇಳ್ತೀನಿ" ಅಂತಾರೆ, ಹೇಳುವುದಿಲ್ಲ. ಮದುವೆಯಾದಾಗಿನಿಂದ ಇದೇ ಹಾಡು. ಪುಕ್ಕಟೆ ಪಾಸು ಕೊಟ್ಟು ನನ್ನನ್ನು ಕೆಳಗೆ ಕೂರಿಸಿ, ತಾವು ಮೇಲೆ ಪ್ರೊಜೆಕ್ಟರ್ ಕೋಣೆಯ ಕಿಂಡಿಯ ಹಿಂದೆ. ಒಂದು ಸಿನಿಮಾ, ಒಂದೇ ಒಂದು, ಪಕ್ಕದ ಕುರ್ಚಿಯಲ್ಲಿ ಕೂತು ನೋಡಿದವರಲ್ಲ. ಈಗ ಪಕ್ಕದಲ್ಲೇ ಇದ್ದಾರೆ, ಆದರೂ ಕಿಂಡಿಯ ಹಿಂದೆಯೇ!

ಆದ್ದರಿಂದ ಭಾನುವಾರ ಬಂದು ಅದನ್ನು ವಾಪಸು ಒಯ್ಯತಕ್ಕದ್ದು. ಇದರಲ್ಲಿ ಎರಡು ಮಾತಿಲ್ಲ.

ಇಂತಿ,
ಅಂಗಿ ಹಿಡಿದು ಹಿಡಿದು ಕೈಸೋತ
ನಿನ್ನ ಅಕ್ಕ

ತಾ.ಕ.: ಬರುವ ಮುಂಚೆ ಅಂಗಡಿಯವನನ್ನು ಒಂದು ಮಾತು ಕೇಳು: ಒಂದೇ ಫೋನಿಗೆ ಎರಡು ಕನ್ನಡಕ ಸಿಕ್ಕಿಸಬಹುದೇ? ಆಗುತ್ತದೆ ಎಂದರೆ ಇನ್ನೊಂದು ತಾ. ಮೂಗಿನ ರಬ್ಬರು ಚಿಕ್ಕದಿರಲಿ, ನನ್ನ ಮೂಗು ನಿನಗೆ ಗೊತ್ತಲ್ಲ. ಇಬ್ಬರೂ ಹಾಕಿಕೊಂಡರೆ ಅವರನ್ನು ಹಿಡಿಯುವವರು ಯಾರು ಅಂತ ಕೇಳಬೇಡ. ಬೆಳಿಗ್ಗೆ ಅವರು ಬೆರಳಿಗೆ ಮುಲಾಮು ತರಲು ಹೋದಾಗ ಹೊಲಿಗೆ ಯಂತ್ರವನ್ನು ನಾನೇ ಎಡಗೋಡೆಗೆ ಸರಿಸಿದೆ. ಆ ಜಾಗಕ್ಕೆ ನನ್ನ ಕುರ್ಚಿ ಹಾಕಿಕೊಂಡಿದ್ದೇನೆ. ಇನ್ನು ಬಲಕ್ಕೆ ಹೊರಟರೆ ನಾನೇ ಸಿಗುತ್ತೇನೆ.