ಅಕ್ಕ ಕೀ ತಿರುಗಿಸಿದ್ದು

ಮಾರ್ಚ್ ೧೨, ಮಂಗಳವಾರ



ಇವತ್ತು ಒಂದು ಮನೆಯ ಹಿತ್ತಲಲ್ಲಿ ನೀರಿನ ಪೈಪಿಗಾಗಿ ಗೇಣಗಲದ ಕಾಲುವೆ ತೋಡುತ್ತಿದ್ದೆವು. ಮಿನಿ ಟ್ರ್ಯಾಕ್ಟರ್ ಮೇಲೆ ನಾನು. ಗಾಡಿಯ ಹಿಂದೆ ಜೋಡಿಸಿದ, ಕಾಲುವೆ ತೋಡುವ ಸರಪಳಿಯ ಹಲ್ಲುಗಳು ಮಣ್ಣು ಕೀಳುವುದನ್ನು ನೋಡುತ್ತ ಪಕ್ಕದಲ್ಲಿ ಅಕ್ಕ. "ಇಲ್ಲೇ ಎಲ್ಲೋ ಕರೆಂಟ್ ವೈರ್ ಹೂತಿದ್ದಾರೆ ಕಣಪ್ಪ" ಎಂದರು ಆ ಮನೆಯ ಅಜ್ಜಿ. ನಮಗೆ ಕೊಟ್ಟ ನಕ್ಷೆಯಲ್ಲಿ ಅದು ಇರಲಿಲ್ಲ. ನಕ್ಕು ಮುಂದುವರಿದೆ.

ಅಕ್ಕ ಕೈಚಾಚಿ ಕೀ ತಿರುಗಿಸಿ ಗಾಡಿ ನಿಲ್ಲಿಸಿಬಿಟ್ಟಳು.

"ಓಡಿಸೋದು ನೀನಾ, ನಾನಾ?" ಅಜ್ಜಿಯ ಎದುರೇ ರೇಗಿದೆ.

ಅವಳು ಮಂಡಿಯೂರಿ ಬರಿಗೈಯಲ್ಲಿ ಮಣ್ಣು ಸರಿಸಿದಳು. ಹಲ್ಲಿನಿಂದ ನಾಲ್ಕೇ ಬೆರಳು ದೂರದಲ್ಲಿ ಕಪ್ಪು ಕೇಬಲ್.

"ಅಜ್ಜಿ ಹೇಳಿದ್ರಲ್ಲೋ" ಎಂದಳು, ಅಷ್ಟೇ.

ಬೈದಿದ್ದರೆ ವಾಸಿಯಿತ್ತು. ಊಟಕ್ಕೆ ಕೂತಾಗಲೂ ಅವಳ ಮುಖ ನೋಡಲಾಗಲಿಲ್ಲ. ಪಕ್ಕದ ಅವಳ ಕೋಣೆಯಲ್ಲಿ ಇನ್ನೂ ದೀಪ ಉರಿಯುತ್ತಿದೆ. ಬೆಳಗಾದರೆ ಮತ್ತೆ ನನ್ನ ಜಂಬ ಎದ್ದು ಕೂರುತ್ತದೆ. ಈಗಲೇ ಹೋಗಿ ತಪ್ಪಾಯ್ತು ಎಂದುಬಿಡಬೇಕು.