ಹಲಗೆ ಚೆನ್ನಾಗಿತ್ತು

ಬೈಲಹೊಂಗಲ
೧೫ ಅಕ್ಟೋಬರ್ ೨೦೨೫, ಬುಧವಾರ

ಸವದತ್ತಿಯ ಮಿತ್ರರಾದ ಉಳವಪ್ಪನವರಿಗೆ ಗುರುನಾಥನ ನಮಸ್ಕಾರಗಳು.

ಸೆಪ್ಟೆಂಬರ್ ಹದಿನಾರರಂದು ನಿಮಗೆ ಬರೆದ ಪತ್ರದಲ್ಲಿ ಒಂದು ತಪ್ಪು ಉಳಿದಿದೆ, ಕ್ಷಮಿಸಬೇಕು. ನಿಮ್ಮ ಮನೆಯಲ್ಲಿ ನಡೆದ ಕೇರಂ ಪಂದ್ಯದ ದಿನವನ್ನು ‘ಸೆಪ್ಟೆಂಬರ್ ಹದಿನಾಲ್ಕು, ಶನಿವಾರ’ ಎಂದು ಬರೆದಿದ್ದೆ. ಅಂದು ರವಿವಾರ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೇರಿ ಕಟ್ಟಿಕೊಂಡ ನಮ್ಮ ನಾಲ್ಕೂರ ಕೂಟದ ಪಂದ್ಯಗಳು ತಿಂಗಳ ಎರಡನೆಯ ರವಿವಾರವಲ್ಲದೆ ಬೇರೆ ದಿನ ನಡೆದದ್ದೇ ಇಲ್ಲ. ಮೂವತ್ತನಾಲ್ಕು ವರ್ಷ ಶಾಲೆಯಲ್ಲಿ ಕನ್ನಡ ತಿದ್ದಿದವನು ವಾರವನ್ನು ತಪ್ಪಾಗಿ ಬರೆಯಬಾರದಿತ್ತು.

ತಪ್ಪು ಅದೊಂದೇ ಆಗಿದ್ದರೆ ಅಂಚೆ ಕಾರ್ಡು ಸಾಕಾಗುತ್ತಿತ್ತು.

ಅಂದು ನಡೆದದ್ದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಆದರೂ ಮೊದಲಿನಿಂದ ಬರೆಯುತ್ತೇನೆ. ಕೂಟದ ದಾಖಲೆ ಪುಸ್ತಕ ನನ್ನ ಬಳಿ ಇದೆ. ಈ ಪತ್ರದ ಪ್ರತಿಯನ್ನು ಅದರಲ್ಲಿ ಅಂಟಿಸುವವನಿದ್ದೇನೆ. ಅಲ್ಲಿ ಇಲ್ಲದವರಿಗೂ ಓದಿದರೆ ತಿಳಿಯಬೇಕು.

ಬೈಲಹೊಂಗಲದ ಪರವಾಗಿ ನಾನು ಕುಳಿತಿದ್ದೆ, ಸವದತ್ತಿಯ ಪರವಾಗಿ ನಿಮ್ಮ ಮಗಳು ಶೀತಲ. ಹಲಗೆ ಹನ್ನೊಂದು ವರ್ಷದ ಹಿಂದೆ ಬಡಿಗರಾದ ನೀವೇ ಮಾಡಿದ್ದು. ಇಬ್ಬರೂ ಒಂದೊಂದು ಆಟ ಗೆದ್ದು ಮೂರನೆಯದಕ್ಕೆ ಬಂದಿದ್ದೆವು. ನನಗೆ ಉಳಿದದ್ದು ಒಂದೇ ಬಿಳಿಯ ಕಾಯಿ, ವಾಯವ್ಯ ಮೂಲೆಯ ಕಿಂಡಿಗೆ ನೇರ ಹೊಡೆತ. ಹೊಡೆದೆ. ಕಾಯಿ ಕಿಂಡಿಯ ಅಂಚಿಗೆ ತಾಗಿ ಪಕ್ಕಕ್ಕೆ ಸರಿಯಿತು. ಆಮೇಲೆ ಶೀತಲ ತನಗೆ ಉಳಿದಿದ್ದ ಐದು ಕಾಯಿಗಳನ್ನೂ ಒಂದೇ ಸರದಿಯಲ್ಲಿ ಕೆಡವಿದಳು. ಅವಳು ಒಮ್ಮೆಯೂ ಅವಸರಪಡಲಿಲ್ಲ.

ಕೂಟದ ಏಳನೆಯ ನಿಯಮವನ್ನು ಬರೆದವನು ನಾನೇ: ಸೋತವರು ಏಳುವ ಮೊದಲು ಪಂದ್ಯ ನಡೆದ ಮನೆಯವರಿಗೆ ‘ಹಲಗೆ ಚೆನ್ನಾಗಿತ್ತು’ ಎಂದು ಹೇಳತಕ್ಕದ್ದು, ಆ ಮಾತು ಬಂದ ಮೇಲೆಯೇ ಚಹಾ ಬರತಕ್ಕದ್ದು. ನಿಮ್ಮ ಮನೆಯವರಾದ ಸಾವಿತ್ರೆವ್ವನವರು ಕಪ್ಪುಗಳನ್ನಿಟ್ಟ ತಾಟು ಹಿಡಿದು ಒಳಬಾಗಿಲಲ್ಲಿ ನಿಂತಿದ್ದರು. ನಾನು ಆ ಮಾತು ಹೇಳಲಿಲ್ಲ. ವಾಯವ್ಯ ಮೂಲೆಯನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದೆ. ಕೂಡಿದವರೆಲ್ಲ ಆ ಮೂಲೆಯನ್ನೇ ನೋಡಿದರು.

“ಯಾಕ್ರಿ ಮಾಸ್ತರ್ರ, ಉಬ್ಬೈತೇನ್ರಿ?” ಎಂದು ನೀವು ಕೇಳಿದಿರಿ.

ಬರೆದು ತಿಳಿಸುತ್ತೇನೆ ಎಂದೆ. ತಾಟು ಒಳಗೆ ಮರಳಿತು. ಚಹಾ ಕುಡಿಯದೆ ಬಸ್ಸು ಹತ್ತಿದೆ.

ಬರೆದೂ ಬಿಟ್ಟೆ. ವಾಯವ್ಯ ಮೂಲೆಯಲ್ಲಿ ಹಲಗೆ ಅರ್ಧ ಜೋಳದ ಕಾಳಿನಷ್ಟು ಉಬ್ಬಿದೆ, ಆದಕಾರಣ ಪಂದ್ಯ ಅಸಿಂಧು ಎಂದು. ‘ಸ್ವಲ್ಪ ಉಬ್ಬಿದಂತಿದೆ’ ಎಂದಿದ್ದರೆ ನೀವು ಬಹುಶಃ ಸಂದೇಹಪಡುತ್ತಿದ್ದಿರಿ. ಅಳತೆ ಕೊಟ್ಟದ್ದರಿಂದ ನಂಬಿದಿರಿ.

ಮೊನ್ನೆ ರವಿವಾರ ಶೀತಲಳಿಗೂ ರಾಮದುರ್ಗದ ಪರ ಆಡುವ ಸಾಲಹಳ್ಳಿಯ ಬೀರಪ್ಪನವರಿಗೂ ನಿಮ್ಮಲ್ಲೇ ಪಂದ್ಯವಿತ್ತು. ನಾನು ಪುಸ್ತಕ ಹಿಡಿದು ಪಕ್ಕದಲ್ಲಿ ಕುಳಿತಿದ್ದೆ. ಎರಡನೆಯ ಹೊಡೆತಕ್ಕೇ ತಿಳಿಯಿತು. ಮೆಲ್ಲಗೆ ಬಿಟ್ಟ ಕಾಯಿ ಕೊನೆಯಲ್ಲಿ ತಿರುಗಿ ವಾಯವ್ಯಕ್ಕೆ ಹೋಗುತ್ತಿತ್ತು, ಹೊಲದ ನೀರು ತಗ್ಗಿಗೆ ಹೋಗುವಂತೆ. ಶೀತಲಳ ಕಾಯಿಗಳು ಮೂರು ಸಲ ಹೀಗೆ ದಾರಿ ಬಿಟ್ಟವು. ಅವಳು ಸೋತಳು.

ಬೀರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಏ ತಂಗಿ, ನಾ ಎಲ್ಲಿ ಗೆದ್ದೇನವಾ! ನಿಮ್ಮಪ್ಪನ ಬೋರ್ಡ ನನಗ ಕಾಯಿ ತಂದ ತಂದ ಕೊಟ್ಟೈತಿ. ಇದಕ್ಕ ಒಂದ ಹಾರ ಹಾಕಿ ಸಾಲಹಳ್ಳಿಗೆ ಒಯ್ತೇನಿ ನೋಡು.”

ಶೀತಲ ಕೈಗೆ ಮೆತ್ತಿದ ಪುಡಿಯನ್ನು ಒರೆಸಿಕೊಂಡಳು. ಮನೆಯವರಿಗೆ ಹೇಳತಕ್ಕ ಮಾತನ್ನು ತನ್ನ ತಂದೆಗೇ ಹೇಳಬೇಕಾಗಿತ್ತು. ನಿಮ್ಮ ಕಡೆ ತಿರುಗಿ, “ಅಪ್ಪಾ, ಬೋರ್ಡ ಛಲೋ ಇತ್ತು,” ಎಂದಳು. ಬಳಿಕ ಒಳಗೆ ಕೂಗಿದಳು: “ಅವ್ವಾ, ಚಾ ತಗೊಂಬಾ.”

ಅವಳು ಹೇಳಿದ್ದು ನಿಜವಲ್ಲ. ಆದರೆ ನಿಯಮ ಬರೆದವನಿಗಿಂತ ಅದರ ಅರ್ಥ ಅವಳಿಗೆ ಚೆನ್ನಾಗಿ ತಿಳಿದಿತ್ತು.

ಬಸ್ ನಿಲ್ದಾಣದವರೆಗೆ ನೀವು ನನ್ನ ಜೊತೆ ಬಂದಿರಿ. ಹಲಗೆಗೆ ಏನು ಮಾಡಿದಿರಿ ಎಂದು ಕೇಳಿದೆ.

“ನೀವ ಬರದಿದ್ರಲ್ರಿ, ಅರ್ಧಾ ಜ್ವಾಳದ ಕಾಳು ಅಂತ. ಅಷ್ಟ ರಂದಾ ಹೊಡದ ಹೆರದ ತಗದೇನ್ರಿ, ಹೆಚ್ಚಿಲ್ಲ ಕಡಿಮಿಲ್ಲ. ಈಗ ಅಲ್ಲಿ ತಗ್ಗ ಬಿದ್ದಂಗ ಆಗೇತಿ. ಪ್ಲೈವುಡ್ಡಿನ ಮ್ಯಾಲಿನ ಪದರ ಹೋತು, ಇನ್ನ ಕೂಡಸಾಕ ಬರಂಗಿಲ್ರಿ.” ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದಿರಿ: “ಕಿತ್ತೂರವರು ಹೊಸಾ ಬೋರ್ಡ ಕೇಳಿದ್ರು, ಒಲ್ಲೆ ಅಂದೇನಿ. ಉಬ್ಬಿದ್ದ ನನ್ನ ಕಣ್ಣಿಗೆ ಕಾಣಲಿಲ್ಲಂದ್ರ ಇನ್ನ ಯಾತಕ್ಕ ಹಿಡೀಲಿ ರಂದಾ, ಮಾಸ್ತರ್ರ?”

ಆಗ ಬಸ್ಸು ಬಂತು. ನಾನು ಹತ್ತಿ ಕುಳಿತೆ. ಕಿಟಕಿಯಿಂದ ಕೈ ಮಾಡಿದೆ, ಅಷ್ಟೆ.

ಉಳವಪ್ಪನವರೆ, ಉಬ್ಬು ನಿಮ್ಮ ಕಣ್ಣಿಗೆ ಕಾಣಲಿಲ್ಲ. ಏಕೆಂದರೆ ಅದು ಇರಲಿಲ್ಲ. ನಿಮ್ಮ ಕಣ್ಣು ಸರಿಯಾಗಿದೆ, ಕೈಯೂ ಸರಿಯಾಗಿದೆ. ಹನ್ನೊಂದು ವರ್ಷ ಆ ಹಲಗೆಯ ಮೇಲೆ ಗೆದ್ದಾಗಲೆಲ್ಲ ನನಗೆ ಅದರಲ್ಲಿ ಯಾವ ಊನವೂ ಕಾಣಲಿಲ್ಲ. ಸೋತ ದಿನವೂ ಅದು ಅದೇ ಹಲಗೆ. ನನ್ನ ಹೊಡೆತ ಒಂದು ಎಳೆಯಷ್ಟು ಎಡಕ್ಕೆ ಹೋಯಿತು. ಶೀತಲ ನನಗಿಂತ ಚೆನ್ನಾಗಿ ಆಡಿದಳು. ಎಡಕ್ಕೆ ಏಕೆ ಹೋಯಿತೆಂದು ವಿವರಿಸಲು ಹೊರಟರೆ ಅದೂ ಒಂದು ನೆಪವಾದೀತು.

ಮೂರು ಕೋರಿಕೆಗಳಿವೆ. ಕಿತ್ತೂರಿನವರಿಗೆ ಹಲಗೆ ಮಾಡಿಕೊಡುತ್ತೇನೆಂದು ಹೇಳಿ ಕಳುಹಿಸಿ. ನಿಮಗೆ ಅಡ್ಡ ಬಂದದ್ದು ನನ್ನ ಮಾತು ಮಾತ್ರ, ಅದನ್ನು ಇಲ್ಲಿ ಹಿಂದಕ್ಕೆ ಪಡೆದಿದ್ದೇನೆ. ಕೆಟ್ಟ ಹಲಗೆಯನ್ನು ನನಗೆ ಕೊಡಿ. ಅದರ ಮೇಲೆ ದಿನಾಲು ಆಡುವೆ. ಕಾಯಿ ವಾಯವ್ಯಕ್ಕೆ ಹೊರಳಿದಾಗ ಹಲಗೆಯನ್ನು ದೂರುವ ಹಕ್ಕು ನನಗೆ ಇರುವುದಿಲ್ಲ. ದಾಖಲೆ ಪುಸ್ತಕವನ್ನು ಇನ್ನು ಮುಂದೆ ಶೀತಲ ಬರೆಯಲಿ. ನವೆಂಬರ್ ಒಂಬತ್ತರಂದು ಅವಳು ಇಲ್ಲಿಗೆ ಆಡಲು ಬಂದಾಗ ಒಪ್ಪಿಸುತ್ತೇನೆ.

ಇತಿ,
ಸೆಪ್ಟೆಂಬರ್ ಹದಿನಾಲ್ಕರಂದು ಸೋತ
ಗುರುನಾಥ

ಮರುಬರಹ: ಒಪ್ಪಿಸುವ ಮೊದಲು ಪುಸ್ತಕವನ್ನು ಆರಂಭದಿಂದ ಓದಿದೆ. ಈ ವರ್ಷದ ನಮೂದುಗಳನ್ನು ಹೀಗೆ ತಿದ್ದಿದ್ದೇನೆ.

೧೩ ಏಪ್ರಿಲ್, ಕಿತ್ತೂರು: ‘ಪುಡಿ ತೇವವಾಗಿತ್ತು’ ಎಂದು ಬರೆದಿದ್ದೆ. ಪುಡಿ ಒಣಗಿತ್ತು. ಸೋತೆ.

೧೩ ಜುಲೈ, ರಾಮದುರ್ಗ: ‘ನೆತ್ತಿಯ ಮೇಲಿನ ದೀಪ ಕಣ್ಣಿಗೆ ಹೊಡೆಯುತ್ತಿತ್ತು’ ಎಂದು ಬರೆದಿದ್ದೆ. ಅಂದು ಊರಿಗೇ ಕರೆಂಟು ಇರಲಿಲ್ಲ. ಸೋತೆ.

೧೨ ಅಕ್ಟೋಬರ್, ಸವದತ್ತಿ: ಬೀರಪ್ಪನವರ ಗೆಲುವು ಎಂದಿದೆ. ನನ್ನ ಪತ್ರದಿಂದ ಕೆಟ್ಟ ಹಲಗೆಯ ಮೇಲೆ ಆಡಿದ್ದು, ಅಸಿಂಧು. ಫೋನಿನಲ್ಲಿ ಕೇಳಿದೆ, ಬೀರಪ್ಪನವರು ನಕ್ಕು ಒಪ್ಪಿದರು.

೧೪ ಸೆಪ್ಟೆಂಬರ್, ಸವದತ್ತಿ (ಕ್ರಮ ತಪ್ಪಿಸಿ ಕೊನೆಗೆ ಇಟ್ಟಿದ್ದೇನೆ): ಶನಿವಾರವಲ್ಲ, ರವಿವಾರ. ಅಸಿಂಧುವಲ್ಲ, ಶೀತಲಳ ಗೆಲುವು. ಅಂದು ಬೆಳಿಗ್ಗೆ, ಪಂದ್ಯಕ್ಕೆ ಮೊದಲು, ನೀವು ಹಾಲು ತರಲು ಹೋಗಿದ್ದಾಗ, ಮಟ್ಟ ನೋಡಲು ಗೌಂಡಿಗಳು ಬಳಸುವ ರಸಮಟ್ಟವನ್ನು ಹಲಗೆಯ ನಾಲ್ಕೂ ಮೂಲೆಗೆ ಇಟ್ಟು ನೋಡಿದ್ದೆ. ನಾಲ್ಕೂ ಕಡೆ ಗುಳ್ಳೆ ನಡುವೆಯೇ ನಿಂತಿತ್ತು. ಹಲಗೆ ಚೆನ್ನಾಗಿತ್ತು. ಸಾವಿತ್ರೆವ್ವನವರು ಇನ್ನು ಚಹಾ ತರಬಹುದು.