ಮೂರು ಬಾಟಲಿ ಮೋರಿ ನೀರು

ನಂಜನಗೂಡು
೧೮ ನವೆಂಬರ್ ೨೦೨೪, ಸೋಮವಾರ

ಪ್ರೀತಿಯ ಮಗಳೇ ಗೌತಮಿ,

ಧಾರವಾಡದ ಚಳಿ ಹೇಗಿದೆ, ಕೆಮ್ಮು ಹೋಯಿತೇ? ಹಾಸ್ಟೆಲಿನ ಸಾರಿನಲ್ಲಿ ಬೇಳೆ ಹುಡುಕುವುದೂ ಒಂದು ಸಂಶೋಧನೆ ಎಂದಿದ್ದೆಯಲ್ಲ, ನಿನ್ನಮ್ಮ ಅದಕ್ಕೆ ಮೊದಲು ನಕ್ಕು ಆಮೇಲೆ ಅತ್ತಳು. ರಾಗಿ ಹುರಿಹಿಟ್ಟು ಕಳಿಸುತ್ತಿದ್ದಾಳೆ. ನಾವೆಲ್ಲ ಆರೋಗ್ಯ. ಫೋನಿನಲ್ಲಿ ಮುಗಿಯುವ ಮಾತಿಗೆ ಕಾಗದ ಯಾಕೆ ಎಂದುಕೊಳ್ಳಬೇಡ. ಫೋನಿನಲ್ಲಿ ನೀನು ಒಮ್ಮೆ ‘ಅಪ್ಪಾ’ ಅಂದರೆ ಊಟ ಆಯಿತೇ ಎಂದು ಕೇಳಿ ಇಟ್ಟುಬಿಡುತ್ತೇನೆ.

ತಿ. ನರಸೀಪುರದ ದೊಡ್ಡಪ್ಪನ ಮನೆಯಿಂದ ನಿನ್ನಜ್ಜಿ ಬಂದು ಮೂರು ವಾರವಾಯಿತು. ನಮ್ಮ ಮನೆ ಹಿಂದಿನ ಹಳ್ಳದಲ್ಲಿ ಒಗೆಯದಿದ್ದರೆ ಅವಳಿಗೆ ಬಟ್ಟೆ ಒಗೆದಂತೆಯೇ ಅಲ್ಲ. ಎರಡು ವರ್ಷದ ಹಿಂದೆ ಅಲ್ಲಿಯ ಕಲ್ಲಿನ ಮೇಲೆ ಪಾಚಿಗೆ ಜಾರಿ ಕೈ ಮುರಿದುಕೊಂಡವಳು, ಈ ಸಲ ಹಿಗ್ಗಿಕೊಂಡು ಬಂದಳು. ‘ಕಲ್ಲು ಈಗ ಜಾರಾಕಿಲ್ಲ ಕಣ್ಲಾ. ಯಾರೋ ಪುಣ್ಯಾತ್ಮರು ಉಜ್ಜಿ ತೊಳ್ದವ್ರೆ.’ ನಾನು ಹೋಗಿ ಕೈಯಾಡಿಸಿ ನೋಡಿದೆ. ಒಂದೆಳೆ ಹಸಿರಿಲ್ಲ. ಆ ಪುಣ್ಯಾತ್ಮ ಯಾರೆಂದು ನನಗೆ ಗೊತ್ತು, ತಿಂಗಳು ತಿಂಗಳು ನನಗೆ ಸಂಬಳ ಕೊಡುತ್ತಾನೆ. ಬಟ್ಟೆಗೆ ಬಣ್ಣ ಹಾಕುವ ನಮ್ಮ ಕಾರ್ಖಾನೆಯ ಮೋರಿ ಹೋದ ವರ್ಷದಿಂದ ಆ ಕಲ್ಲಿಗಿಂತ ಹತ್ತು ಮಾರು ಮೇಲೆ ಹಳ್ಳಕ್ಕೆ ಬೀಳುತ್ತಿದೆ. ಬಣ್ಣದ ಮೋರಿಯೇ ಅನ್ನದ ದಾರಿ ಎಂದು ಪ್ರಾಸ ಕಟ್ಟಿಕೊಂಡು ಹದಿನೆಂಟು ವರ್ಷ ದುಡಿದವನು ನಾನು.

ಅವತ್ತೇ ಕಿಟಕಿಯಲ್ಲಿ ಎರಡು ಉಪ್ಪಿನಕಾಯಿ ಬಾಟಲಿ ಇಟ್ಟೆ. ಎರಡಕ್ಕೂ ಮೋರಿಗಿಂತ ಮೇಲೆ ಬೆಳೆದಿದ್ದ ಹಸಿರು ಪಾಚಿ ಹಾಕಿದೆ; ಒಂದಕ್ಕೆ ಅಲ್ಲಿಯದೇ ನೀರು, ಇನ್ನೊಂದಕ್ಕೆ ಮೋರಿ ನೀರು. ಅಜ್ಜಿ ಬೀದಿಗೆಲ್ಲ ಸಾರಿದಳು: ‘ಬಾಟ್ಲೀಲಿ ಪಾಚಿ ಸಾಕವ್ನೆ. ಕೋಳಿ ಸಾಕಿದ್ರೆ ಮೊಟ್ಟೆನಾದ್ರೂ ಇಕ್ತಿತ್ತು.’ ಒಂಬತ್ತನೆಯ ದಿನ ಮೋರಿ ನೀರಿನ ಪಾಚಿ ನೆನೆದ ಹತ್ತಿಯ ಹಾಗೆ ಬಿಳಿಚಿಕೊಂಡು ತಳ ಸೇರಿತು. ಬಣ್ಣದ ನೀರಿನಲ್ಲಿ ಬಿಸಿಲು ಇಳಿಯುವುದಿಲ್ಲ, ಪಾಚಿ ಉಪವಾಸ ಬೀಳುತ್ತದೆ, ಆಮೇಲೆ ಅದನ್ನು ಮೇಯುವ ಮೀನು ಎಂದು ನೀನೇ ಹೇಳಿಕೊಟ್ಟಿದ್ದೆ. ಅಜ್ಜಿ ಬಾಟಲಿಯನ್ನು ಬೆಳಕಿಗೆ ಹಿಡಿದು ಕೇಳಿದಳು: ‘ಈ ಅಳ್ಳದ ನೀರು ಒಳೆ ಸೇರ್ಕಂಡು ನರಸೀಪುರಕ್ಕೇ ಅಲ್ವೇನ್ಲಾ ಬರೋದು?’ ಬಿ.ಎ. ಓದಿದ ನಾನು ಬಾಟಲಿ ಇಸಿದುಕೊಂಡು ಮತ್ತೆ ಕಿಟಕಿಯಲ್ಲಿಟ್ಟೆ.

ಇನ್ನೊಂದು ಸುದ್ದಿ. ಮಗಳು ಏನು ಬರೆದಿದ್ದಾಳೆ ಎಂದು ಮ್ಯಾನೇಜರ್ ಕೇಳಿದರೆಂದು ನಮ್ಮ ಮೋರಿ ನೀರು ಪರೀಕ್ಷಿಸಿ ನೀನು ಕಾಲೇಜಿಗೆ ಬರೆದ ವರದಿಯ ಕಡೆಯ ಹಾಳೆ ತೋರಿಸಿದ್ದೆ. ನಿಘಂಟು ಹಿಡಿದು ಓದಿದ ಸಾಲು ನನಗೆ ಬಾಯಿಪಾಠ: ಈ ನೀರಿನಿಂದ ಪಾಚಿಯ ಬೆಳವಣಿಗೆಗೆ ತೊಂದರೆ ಕಂಡುಬರಲಿಲ್ಲ. ಅವರು ಅದನ್ನು ಲ್ಯಾಮಿನೇಟ್ ಮಾಡಿಸಿ ಗೇಟಿಗೆ ತೂಗುಹಾಕಿದ್ದಾರೆ. ಹೋದ ವಾರ ಹಳ್ಳದ ನೀರಿನ ವಿಷಯ ಕೇಳಲು ಬಂದ ಊರಿನವರ ಮುಂದೆ ನನ್ನನ್ನು ನಿಲ್ಲಿಸಿ, ‘ಇವ್ರ ಮಗಳೇ ಟೆಸ್ಟ್ ಮಾಡಿರೋದು ಕಣ್ರಯ್ಯಾ. ಹುಟ್ಟಿದೂರಿಗೆ ಸುಳ್ಳು ಹೇಳ್ತಾಳಾ?’ ಅಂದರು. ಬಂದವರು ನನಗೆ ಕೈಮುಗಿದು ಹೊರಟುಹೋದರು.

ಇಪ್ಪತ್ತೈದಕ್ಕೆ ನೀನು ಆ ವರದಿ ಒಪ್ಪಿಸಬೇಕಲ್ಲವೇ? ಹೊತ್ತಿಗೆ ಸರಿಯಾಗಿ ಊಟ ಮಾಡು, ತಲೆಗೆ ಸ್ಕಾರ್ಫ್ ಕಟ್ಟಿಕೋ. ಅಮ್ಮನೂ ಅಜ್ಜಿಯೂ ನಿನ್ನ ತಲೆ ಸವರಿದ್ದಾರೆಂದು ತಿಳಿ. ಜೈ ಭೀಮ್.

ನಿನ್ನಪ್ಪ,
ಚಿಕ್ಕಸ್ವಾಮಿ

ಮತ್ತೆ: ಬರೆಯಲು ಮರೆತೆ ಎನ್ನೋಣವೆಂದಿದ್ದೆ. ಮರೆತಿರಲಿಲ್ಲ. ಆಗಸ್ಟಿನಲ್ಲಿ ನೀನು ಕೇಳಿದ ಮೂರು ಬಾಟಲಿ ಮೋರಿ ನೀರು ಮೋರಿಯದಲ್ಲ ಮಗಳೇ. ಮೋರಿಗಿಂತ ಮೇಲೆ, ಹಳ್ಳದಲ್ಲಿ ತುಂಬಿದ್ದು. ನಿನಗೆ ಅನುಮಾನ ಬರದಿರಲೆಂದು ಒಂದೊಂದಕ್ಕೂ ಒಂದು ಮುಚ್ಚಳ ಮೋರಿ ನೀರು ಬೆರೆಸಿದ್ದೆ, ಸಾರಿಗೆ ಇಂಗು ಹಾಕಿದ ಹಾಗೆ. ಕೆಲಸ ಹೋದೀತೆಂಬ ಭಯ. ಪಾಚಿ ಚೆನ್ನಾಗಿ ಬೆಳೆಯಿತೆಂದು ನೀನು ಫೋನಿನಲ್ಲಿ ಕುಣಿದಾಗಲೂ ಸುಮ್ಮನಿದ್ದೆ. ವರದಿ ಒಪ್ಪಿಸಬೇಡ. ಹುರಿಹಿಟ್ಟಿನ ಜೊತೆ ಬೇರೆ ಮೂರು ಬಾಟಲಿ ಇವೆ, ಮೋರಿಯ ಬಾಯಲ್ಲೇ ಹಿಡಿದದ್ದು, ಅಜ್ಜಿ ಪಕ್ಕದಲ್ಲೇ ನಿಂತಿದ್ದಳು. ಈ ಕಾಗದವನ್ನು ನಿನ್ನ ಗೈಡ್ ಮೇಡಂ ಕೈಗೆ ಕೊಡು. ಸಹಿ ನನ್ನದು, ತಪ್ಪೂ ನನ್ನದು. ನಾಳೆ ಬೆಳಿಗ್ಗೆ ಗೇಟಿನ ಹಾಳೆಯನ್ನು ನಾನೇ ಇಳಿಸುತ್ತೇನೆ. ಆಮೇಲೆ ಒಳಗೆ ಬಿಡದಿದ್ದರೆ ಅಜ್ಜಿ ಹೇಳಿದ ಹಾಗೆ ಕೋಳಿ ಸಾಕುತ್ತೇನೆ.